ಸೂರ್ಯಕಾಂತಿಯಲ್ಲಿ ಪರಾಗವು ಹುಟ್ಟದಿರಲು ಕಾರಣ

ಸೂರ್ಯಕಾಂತಿಯ ಬೀಜೋತ್ಪಾದನೆಯ ತಾಕನ್ನು ಬೆಳಗಿನ ಹೊತ್ತು ನೋಡಿದವರಿಗೆ ಒಂದು ವಿಚಿತ್ರವು ಗೋಚರವಾಗದೆ ಇರದು. ಗಂಡು ಸಾಲಿನ ಹೂವನ್ನು ಮುಟ್ಟಿದರೆ ಬೆರಳಿಗೆ ಹಳದಿ ಪುಡಿಯು ಹತ್ತುವುದು. ಹೆಣ್ಣು ಸಾಲಿನ ಹೂವನ್ನು ಮುಟ್ಟಿದರೆ ಏನೂ ಹತ್ತುವುದಿಲ್ಲ. ಗಿಡವು ಪುಷ್ಟಿಯಾಗಿರುವುದು, ಬೀಜವೂ ಕಟ್ಟುವುದು. ಪರಾಗವೊಂದು ಮಾತ್ರ ಇಲ್ಲ. ಸಂಕರಣ ಬೀಜದ ಯಾವತ್ತೂ ವ್ಯವಹಾರವು ಈ ಕೊರತೆಯನ್ನೇ ಅವಲಂಬಿಸಿದೆ. ಒಂದೊಂದು ತೆನೆಯಲ್ಲಿಯೂ ನೂರಾರು ಕಿರುಹೂಗಳಿರುವಲ್ಲಿ ಪ್ರತಿಯೊಂದರ ಕೇಸರವನ್ನೂ ಕೈಯಿಂದ ಕಿತ್ತು ಬೀಜ ಬೆಳೆಯುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ.

ಫ್ರಾನ್ಸ್ ದೇಶದ ಲೆಕ್ಲೆರ್ಕ್ ಎಂಬ ವಿದ್ವಾಂಸರು ಕಾಡು ಜಾತಿಯೊಂದನ್ನು ಬೇಸಾಯದ ಸೂರ್ಯಕಾಂತಿಯೊಡನೆ ಕೂಡಿಸಿ ಪಡೆದ ಇಂತಹ ತಳಿಯನ್ನು 1969ರಲ್ಲಿ ಪ್ರಕಟಪಡಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1980ರಲ್ಲಿ ಬಿಡುಗಡೆ ಮಾಡಿದ, ಭಾರತದ ಮೊದಲನೆಯ ಸೂರ್ಯಕಾಂತಿ ಸಂಕರಣವಾದ ಬಿ.ಎಸ್.ಎಚ್.-1 ಸಹ ಈ ಮೂಲದಿಂದಲೇ ಬಂದುದು.

ಪರಾಗವು ಏಕೆ ಹುಟ್ಟುವುದಿಲ್ಲ? ಪರಾಗಕೋಶದ ಒಳಮೈಯಲ್ಲಿ ಒಂದು ಪದರವುಂಟು. ಬೆಳೆಯುತ್ತಿರುವ ಪರಾಗಕ್ಕೆ ಆಹಾರವನ್ನೊದಗಿಸುವುದೇ ಅದರ ಕೆಲಸ. ಇದನ್ನು ದಾದಿಯ ಪದರವೆಂದರೆ ತಪ್ಪಾಗಲಾರದು. ಕೆಲಸ ಮುಗಿದ ಮೇಲೆ ಈ ಪದರದ ಜೀವಕೋಶಗಳು ತಾವಾಗಿಯೇ ಸಾಯುವುವು. ಇದು ರೋಗದ ಮರಣವಲ್ಲ, ಸಸ್ಯವೇ ಗೊತ್ತುಪಡಿಸಿಕೊಂಡ ಮರಣ. ಪರಾಗವಂಧ್ಯ ತಳಿಯಲ್ಲಿ ಈ ಮರಣವು ಅಕಾಲದಲ್ಲಿ, ಪರಾಗವು ಇನ್ನೂ ರೂಪುಗೊಳ್ಳುವ ಮೊದಲೇ, ಸಂಭವಿಸುವುದು. ದಾದಿಯು ಸತ್ತ ಮೇಲೆ ಕೂಸು ಉಳಿಯುವ ಬಗೆಯೆಂತು?

ಮರಣದ ಸೂಚನೆಯು ಹೊರಡುವುದು ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳಿಂದ. ಜೀವಕೋಶದ ಉಸಿರಾಟವನ್ನು ನಡೆಸಿ ಶಕ್ತಿಯನ್ನು ಕೊಡುವುವು ಇವೇ. ಇವುಗಳಿಗೆ ಎರಡು ಪೊರೆಗಳಿದ್ದು, ಅವುಗಳ ನಡುವೆ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಇರುವುದು. ಒಳಗಿರುವ ತನಕ ಅದು ಉಸಿರಾಟಕ್ಕೆ ಸಹಾಯಕವೇ. ಹೊರಗೆ ಸೋರಿತೆಂದರೆ ಸಾವಿನ ಸಂಕೇತವಾಗುವುದು. ಬಾಲ್ಕ್ ಮತ್ತು ಲೀವರ್ ಎಂಬುವರು 2001ರಲ್ಲಿ ತೋರಿಸಿದಂತೆ, ಪರಾಗವಂಧ್ಯ ಸೂರ್ಯಕಾಂತಿಯ ದಾದಿಯ ಪದರದಲ್ಲಿ ಮೈಟೊಕಾಂಡ್ರಿಯಗಳ ಆಕಾರವು ಕೆಡುವುದಕ್ಕೆ ಮೊದಲೇ ಸೈಟೊಕ್ರೋಮ್ ಸಿ ಹೊರಬೀಳುವುದು. ಈ ತಳಿಯ ಮೈಟೊಕಾಂಡ್ರಿಯದಲ್ಲಿ ಮಾತ್ರ ಓ.ಆರ್.ಎಫ್. 522 ಎಂಬ ಹೆಚ್ಚಿನ ವಂಶವಾಹಿಯೊಂದಿದ್ದು, ಅದರಿಂದ ಹುಟ್ಟುವ ಪ್ರೋಟೀನಿಗೂ ಈ ಅನರ್ಥಕ್ಕೂ ಸಂಬಂಧವಿದೆ. ಗಂಡು ತಳಿಯಿಂದ ಬರುವ ಪುನಃಸ್ಥಾಪಕ ಗುಣವು ಹೂವಿನಲ್ಲಿ ಈ ಪ್ರೋಟೀನನ್ನು ತಗ್ಗಿಸುವುದರಿಂದಲೇ ರೈತನ ಹೊಲದ ಸಂಕರಣ ಗಿಡವು ಪರಾಗವನ್ನು ಕೊಡಬಲ್ಲುದು.

ಇಷ್ಟು ಉಪಕಾರಿಯಾದ ಗುಣವು ಅಪಾಯವನ್ನೂ ತರಬಹುದೆಂಬುದಕ್ಕೆ ಅಮೆರಿಕದ ಮುಸುಕಿನ ಜೋಳವೇ ಸಾಕ್ಷಿ. ಅಲ್ಲಿ ಟೆಕ್ಸಾಸ್ ಮೂಲದ ಪರಾಗವಂಧ್ಯ ಜೋಳದ ಮೈಟೊಕಾಂಡ್ರಿಯದಲ್ಲಿ ಯು.ಆರ್.ಎಫ್. 13 ಎಂಬ ಪ್ರೋಟೀನಿತ್ತು. ಎಲೆ ಅಂಗಮಾರಿಯನ್ನುಂಟುಮಾಡುವ ಬೂಷ್ಟಿನ ಒಂದು ಪಂಗಡದ ವಿಷವು ಇದೇ ಪ್ರೋಟೀನನ್ನು ಹಿಡಿದು, ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ರಂಧ್ರಗಳನ್ನುಂಟುಮಾಡಿ, ಎಲೆಯ ಜೀವಕೋಶಗಳನ್ನೇ ಕೊಂದಿತು. ಈ ಮೂಲದ ಜೋಳವು ರೋಗಕ್ಕೆ ಬೇಗ ತುತ್ತಾಗುವುದೆಂದು ಫಿಲಿಪೈನ್ಸ್ ದ್ವೀಪಗಳಿಂದ 1961ರಲ್ಲಿಯೇ ವರದಿ ಬಂದಿದ್ದರೂ ಅದಕ್ಕೆ ತಕ್ಕ ಗಮನವು ದೊರೆಯಲಿಲ್ಲ. 1970ರಲ್ಲಿ ಅಮೆರಿಕದ ಜೋಳದಲ್ಲಿ ನೂರಕ್ಕೆ ಸುಮಾರು 85 ಭಾಗವು ಇದೇ ಮೂಲದ್ದಾಗಿತ್ತು. ಆ ವರ್ಷ ಬೆಳೆಯಲ್ಲಿ ನೂರಕ್ಕೆ ಸುಮಾರು 15 ಭಾಗ ಹಾಳಾಯಿತು. ಬೀಜ ಬೆಳೆಯುವವರು ಪುನಃ ಗಿಡದ ತುದಿಯ ಗಂಡು ಹೂಗೊಂಚಲನ್ನು ಕೀಳುವ ಹಳೆಯ ಪದ್ಧತಿಗೇ ಹಿಂದಿರುಗಬೇಕಾಯಿತು. ವಾಣಿಜ್ಯದ ಸೂರ್ಯಕಾಂತಿ ಸಂಕರಣಗಳು ಬಹುಮಟ್ಟಿಗೆ ಇಂದಿಗೂ ಒಂದೇ ಮೂಲದವಾಗಿರುವುದರಿಂದ ಬೇರೆ ಮೂಲಗಳನ್ನು ಬಳಕೆಗೆ ತರುವ ಪ್ರಯತ್ನವು ಅವಶ್ಯವಾದುದು.

ಸಂಕರಣ ಬೆಳೆಯ ಬೀಜವನ್ನು ಮನೆಯಲ್ಲಿ ಉಳಿಸಿ ಮರುವರ್ಷ ಬಿತ್ತಿದರೆ, ಪುನಃಸ್ಥಾಪಕ ಗುಣವು ಹಂಚಿಹೋಗಿ, ಸುಮಾರು ಕಾಲುಭಾಗದಷ್ಟು ಗಿಡಗಳು ಪರಾಗವಿಲ್ಲದೆ ಹೋಗಬಹುದು, ಇಳುವರಿಯೂ ಸಮನಾಗಿರದು. ಬೀಜದ ತಾಕನ್ನು ಬೆಳೆಯುವವರಾದರೋ ಹೂ ಬಿಡುವ ದಿನಗಳಲ್ಲಿ ಪ್ರತಿದಿನವೂ ಹೆಣ್ಣು ಸಾಲುಗಳಲ್ಲಿ ನಡೆದು, ಹಳದಿ ಪುಡಿಯು ಕಂಡ ಗಿಡವನ್ನು ಜೇನುನೊಣಗಳು ಬರುವ ಮೊದಲೇ ಬೇರುಸಹಿತ ಕಿತ್ತು ತಾಕಿನ ಹೊರಗೆ ಹಾಕತಕ್ಕದ್ದು.