ಜೂಡೋ, ಜಿಯು-ಜಿಟ್ಸು ಮತ್ತು ಅರ್ಧಶಕ್ತಿಯ ನಿಯಮ



ಕಳೆದ ತಿಂಗಳು ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಮಾಲೂರಿನ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಬಳಿಗೆ ಬಂದರು. ಮಗಳು ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಉದ್ಯೋಗಿ. ದಿನವೂ ರೈಲಿನಲ್ಲಿ ಹೋಗಿಬರುವವಳು. ವಾರದಲ್ಲಿ ಮೂರು ಸಂಜೆ ಕೆಲಸ ಮುಗಿದ ಮೇಲೆ ಬೆಂಗಳೂರಿನಲ್ಲಿಯೇ ಜೂಡೋ ಮತ್ತು ಬ್ರೆಜಿಲಿಯನ್ ಜಿಯು-ಜಿಟ್ಸು ಅಭ್ಯಾಸ ಮಾಡಿ ರಾತ್ರಿಯ ಗಾಡಿಗೆ ಊರು ಸೇರುತ್ತಾಳೆ. "ಡಾಕ್ಟ್ರೇ, ಗಂಡು ನೋಡುವ ಕಾಲದಲ್ಲಿ ಇವಳು ಮೈಯೆಲ್ಲ ಕಂದಿಸಿಕೊಂಡು ಬರುತ್ತಾಳೆ. ನೀವೊಂದು ಮಾತು ಹೇಳಿದರೆ ಬಿಡುತ್ತಾಳೆ" ಎಂದು ತಾಯಿ ಕೇಳಿಕೊಂಡರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಮಾತನಾಡುವಾಗ ಅವಳು ಬಲಗೈಯ ಬೆರಳುಗಳನ್ನು ಮತ್ತೆ ಮತ್ತೆ ಮಡಿಸಿ ಬಿಚ್ಚುತ್ತಿದ್ದುದನ್ನು ನಾವು ಗಮನಿಸಿದೆವು. ಆ ಬೆರಳುಗಳ ವಿಷಯಕ್ಕೆ ಮುಂದೆ ಬರುತ್ತೇವೆ.

ಈ ಪ್ರಶ್ನೆ ಆ ಒಂದು ಮನೆಯದಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಇಂಥ ಅಭ್ಯಾಸದಲ್ಲಿ ತೊಡಗಿದ ಯುವಕ ಯುವತಿಯರು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಪದಕಕ್ಕಾಗಿ ಆಡುವವರಲ್ಲ, ಉದ್ಯೋಗ ಮಾಡುತ್ತ ಪ್ರೀತಿಯಿಂದ ಕಲಿಯುವವರು. ಆದ್ದರಿಂದ ಈ ವಿದ್ಯೆಯ ಹಿನ್ನೆಲೆ, ಲಾಭ, ಅಪಾಯ ಹಾಗೂ ಪಾಲಿಸಬೇಕಾದ ನಿಯಮಗಳನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಈ ವಿದ್ಯೆ ಪರಕೀಯವೇ?

ಜೂಡೋವನ್ನು ರೂಪಿಸಿದವರು ಜಪಾನಿನ ಜಿಗೊರೊ ಕಾನೊ (1860–1938). ಬಾಲ್ಯದಲ್ಲಿ ಕೃಶಕಾಯರಾಗಿದ್ದ ಅವರು ಹಳೆಯ ಜುಜುತ್ಸು ವಿದ್ಯೆಯನ್ನು ಕಲಿತು, ಅದರಲ್ಲಿದ್ದ ಅತಿ ಅಪಾಯಕರ ಪಟ್ಟುಗಳನ್ನು ಸ್ಪರ್ಧೆಯ ಅಭ್ಯಾಸದಿಂದ ಹೊರಗಿಟ್ಟು, 1882ರಲ್ಲಿ ಟೋಕಿಯೋದ ಎಯ್‌ಶೋಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಕೊಡೊಕಾನ್ ಶಾಲೆಯನ್ನು ಆರಂಭಿಸಿದರು. ಅಲ್ಲಿದ್ದುದು ಹನ್ನೆರಡು ಚಾಪೆಗಳ ಜಾಗ ಮಾತ್ರ. ಶಕ್ತಿಯನ್ನು ಮಿತವಾಗಿ, ಸಫಲವಾಗಿ ಬಳಸುವುದು ಮತ್ತು ತಾನೂ ಎದುರಾಳಿಯೂ ಕೂಡಿ ಏಳಿಗೆ ಹೊಂದುವುದು ಅವರು ಬೋಧಿಸಿದ ಎರಡು ತತ್ತ್ವಗಳು.

ಕಾನೊ ಅವರ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಹೋದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ಅವರ ಸಹೋದರರು ನೆಲದ ಮೇಲಿನ ಸೆಣಸಾಟವನ್ನು ವಿಶೇಷವಾಗಿ ಬೆಳೆಸಿದರು. ಅದೇ ಬ್ರೆಜಿಲಿಯನ್ ಜಿಯು-ಜಿಟ್ಸು. ಸರಳವಾಗಿ ಹೇಳುವುದಾದರೆ, ಎದುರಾಳಿಯನ್ನು ನಿಂತಲ್ಲಿಂದ ಕೆಡವುವುದು ಜೂಡೋದ ಮುಖ್ಯ ಅಂಗ. ಬಿದ್ದ ಮೇಲೆ ಹಿಡಿದು ನಿಲ್ಲಿಸುವುದು, ಕೀಲನ್ನು ತಿರುಚುವುದು, ಕತ್ತನ್ನು ಒತ್ತುವುದು ಜಿಯು-ಜಿಟ್ಸುವಿನ ಮುಖ್ಯ ಅಂಗ.

ನಮ್ಮ ನಾಡಿಗೆ ಮಲ್ಲವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಅಭ್ಯಾಸ, ಪಟ್ಟುಗಳ ವಿವರವಿದೆ. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ದಸರೆಯ ಅಂಗ. ಬೆಳಗಾವಿ ಜಿಲ್ಲೆಯ ಜೂಡೋಪಟು ಮಲಪ್ರಭಾ ಜಾಧವ್ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಜೂಡೋವನ್ನು ಹೋಲುವ ಕುರಾಶ್ ಸ್ಪರ್ಧೆಯ 52 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಗಳಿಸಿದರು. ಹೆಣ್ಣುಮಕ್ಕಳಿಗೆ ಇದು ಸಲ್ಲದೆಂದು ಹೇಳುವವರು ಇದನ್ನು ನೆನೆಯಬೇಕು.

ಅರ್ಧಶಕ್ತಿ ಎಂದರೇನು?

ಆಯುರ್ವೇದವು ವ್ಯಾಯಾಮವನ್ನು ದಿನಚರ್ಯೆಯ ಅಂಗವೆಂದು ವಿಧಿಸಿದೆ. ಶರೀರಲಾಘವ, ಕಾರ್ಯಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ ಇವು ಅದರ ಫಲಗಳು. ಆದರೆ ಆಚಾರ್ಯರು ಒಂದು ಗಡಿಯನ್ನೂ ಹಾಕಿದ್ದಾರೆ. ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು ಎಂಬುದೇ ಆ ಗಡಿ. ಹಣೆ, ಮೂಗು, ಕಂಕುಳಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಯಿಂದ ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಹೇಮಂತ, ಶಿಶಿರ, ವಸಂತಗಳಲ್ಲಿ ಇಷ್ಟು ಸಲ್ಲುತ್ತದೆ. ಬೇಸಗೆ ಮತ್ತು ಮಳೆಗಾಲಗಳಲ್ಲಿ ಇನ್ನೂ ಕಡಿಮೆ ಮಾಡಬೇಕು.

ಸೆಣಸಾಟದಲ್ಲಿ ಉಸಿರು ಬಾಯಿಗೆ ಬಾರದಿರುವುದು ಸಾಧ್ಯವೇ ಎಂದು ಅಭ್ಯಾಸಿಗಳು ಕೇಳುತ್ತಾರೆ. ಪ್ರತಿ ಸುತ್ತಿನಲ್ಲಿಯೂ ಅದು ಸಾಧ್ಯವಿಲ್ಲ. ನಿಯಮವನ್ನು ವಾರದ ಲೆಕ್ಕಕ್ಕೆ ಅನ್ವಯಿಸಿಕೊಳ್ಳಬಹುದು. ಮೂರು ದಿನ ಅಭ್ಯಾಸವಿದ್ದರೆ ಒಂದು ದಿನ ಮಾತ್ರ ಪೂರ್ಣ ಬಲದ ಸೆಣಸಾಟ. ಉಳಿದ ಎರಡು ದಿನ ಪಟ್ಟುಗಳ ಕಲಿಕೆ ಮತ್ತು ಹಗುರವಾದ ಆಟ. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನೇರವಾಗಿ ಅಭ್ಯಾಸಕ್ಕೆ ಹೋಗುವವರಿದ್ದಾರೆ. ನಿದ್ದೆಗೆಟ್ಟ ದಿನ ಸೆಣಸಾಟ ಬೇಡ. ದಣಿದ ದೇಹ ಬೀಳುವಾಗ ತನ್ನನ್ನು ಕಾಯ್ದುಕೊಳ್ಳಲಾರದು.

ಮೊದಲ ಪಾಠ: ಬೀಳುವುದು

ಜೂಡೋ ಶಾಲೆಯಲ್ಲಿ ಮೊದಲು ಕಲಿಸುವುದು ಕೆಡವುವುದನ್ನಲ್ಲ, ಬೀಳುವುದನ್ನು. ಗದ್ದವನ್ನು ಎದೆಗೆ ಸೇರಿಸಿ, ಬೆನ್ನನ್ನು ದುಂಡಗೆ ಮಾಡಿ, ತೋಳಿನಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹಂಚಿಬಿಡುವ ಕ್ರಮವದು. ಹೊಸಬರು ಇದನ್ನು ಬೇಸರದ ಪಾಠವೆಂದು ಬೇಗ ದಾಟಲು ನೋಡುತ್ತಾರೆ. ಜಪಾನಿನ ಶಾಲೆಗಳಲ್ಲಿ 1983ರಿಂದ ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೋ ಅಭ್ಯಾಸದ ಸಂದರ್ಭದಲ್ಲಿ ಸಾವಿಗೀಡಾದರು. ತಲೆಗೆ ಬಿದ್ದ ಪೆಟ್ಟು ಅದರ ಮುಖ್ಯ ಕಾರಣವಾಗಿತ್ತು. ಬಲಿಯಾದವರಲ್ಲಿ ಬಹಳಷ್ಟು ಮಕ್ಕಳು ಇನ್ನೂ ಆರಂಭದ ಹಂತದಲ್ಲಿದ್ದವರು. ಜೂಡೋ ಹುಟ್ಟಿದ ನಾಡಿನ ಈ ಪಾಠವನ್ನು ನಾವು ಮರೆಯಬಾರದು.

ತಲೆಗೆ ಪೆಟ್ಟು ಬಿದ್ದವರು ಎಚ್ಚರ ತಪ್ಪದಿದ್ದರೂ ಆ ದಿನ ಅಭ್ಯಾಸ ನಿಲ್ಲಿಸಬೇಕು. ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಮಂಪರು, ಮಾತಿನ ತೊದಲು, ಮರೆವು ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಲಕ್ಷಣಗಳೆಲ್ಲ ಸಂಪೂರ್ಣವಾಗಿ ಮಾಯವಾಗಿ ವೈದ್ಯರು ಒಪ್ಪುವ ತನಕ ಮತ್ತೆ ಚಾಪೆ ತುಳಿಯಬಾರದು.

ನಮ್ಮ ತಪ್ಪೊಂದು

ಇಲ್ಲಿ ನಮ್ಮ ಬಾಲ್ಯದ ಘಟನೆಯೊಂದನ್ನು ಹೇಳಬೇಕು. ಹೈಸ್ಕೂಲಿನ ದಿನಗಳಲ್ಲಿ ನಾವು ಊರಿನ ಗರಡಿಮನೆಗೆ ಸಾಮು ತೆಗೆಯಲು ಹೋಗುತ್ತಿದ್ದೆವು. ಒಂದು ಸಂಜೆ ಗೆಳೆಯನೊಬ್ಬ ತಲೆ ಕೆಳಗಾಗಿ ಮಟ್ಟಿಯ ಮೇಲೆ ಬಿದ್ದ. ಅವನು ಮಾತನಾಡುತ್ತಲೇ ಇದ್ದ. "ಏಳೋ, ಏನೂ ಆಗಿಲ್ಲ" ಎನ್ನುತ್ತ ನಾವೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿ, ನೀರು ಕುಡಿಸಿದೆವು. ಮತ್ತೊಬ್ಬರು ಕತ್ತನ್ನು ನೀವಿ ತಿರುಗಿಸಿದರು. ಅಂದಿನಿಂದ ಅವನ ಎಡಗೈಯ ಬಲ ಪೂರ್ಣವಾಗಿ ಮರಳಲೇ ಇಲ್ಲ. ಬಿದ್ದಾಗಲೇ ಆ ಹಾನಿಯಾಗಿತ್ತೋ, ನಾವು ಎಬ್ಬಿಸಿದ್ದರಿಂದ ಆಯಿತೋ ಎಂಬುದು ಇಂದಿಗೂ ತಿಳಿಯದು. ವೈದ್ಯವಿದ್ಯೆ ಕಲಿಯುವಾಗ ಸುಶ್ರುತಾಚಾರ್ಯರು ಹೇಳಿದ ನೂರೇಳು ಮರ್ಮಗಳ ಪಾಠ ಬಂದಿತು. ತಲೆಯೂ ಕತ್ತೂ ಕೂಡುವಲ್ಲಿ ಕೃಕಾಟಿಕಾ ಎಂಬ ಎರಡು ಮರ್ಮಗಳಿವೆ. ಅವು ಪೆಟ್ಟಾದರೆ ವೈಕಲ್ಯವನ್ನುಂಟುಮಾಡುವ ವರ್ಗಕ್ಕೆ ಸೇರಿದವು. ಅದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಕತ್ತಿಗೆ ಪೆಟ್ಟು ಬಿದ್ದವರನ್ನು ಎಬ್ಬಿಸಬೇಡಿ, ಕೂರಿಸಬೇಡಿ, ಕತ್ತನ್ನು ನೀವಬೇಡಿ. ಬಿದ್ದ ಸ್ಥಿತಿಯಲ್ಲಿಯೇ ತಲೆಯನ್ನು ಅಲುಗಾಡದಂತೆ ಎರಡೂ ಕೈಗಳಿಂದ ಹಿಡಿದು 108ಕ್ಕೆ ಕರೆ ಮಾಡಿ. ಕೈಕಾಲು ಜೋಮು ಅಥವಾ ಬಲಹೀನತೆ ಇದ್ದರಂತೂ ನಾಟಿ ಮೂಳೆವೈದ್ಯರ ಬಳಿಗೆ ಒಯ್ಯಲೇಬಾರದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ: ಅಲ್ಲಿ ಮೊದಲು ಬೇಕಾದುದು ಎಕ್ಸ್-ರೇ, ಎಂ.ಆರ್.ಐ. ಪರೀಕ್ಷೆ, ಎಣ್ಣೆಯಲ್ಲ.

ಸೋಲೊಪ್ಪುವ ಧೈರ್ಯ

ಜಿಯು-ಜಿಟ್ಸುವಿನಲ್ಲಿ ಕತ್ತನ್ನು ಒತ್ತುವ ಪಟ್ಟುಗಳು ಮೆದುಳಿಗೆ ಹೋಗುವ ರಕ್ತವನ್ನು ತಡೆಯುತ್ತವೆ. ಸರಿಯಾಗಿ ಬಿಗಿದರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿಯೇ ಎಚ್ಚರ ತಪ್ಪುತ್ತದೆ. ಕತ್ತಿನ ಸಿರಾಮಾತೃಕೆಗಳೆಂಬ ಎಂಟು ಮರ್ಮಗಳನ್ನು ನಮ್ಮ ಆಚಾರ್ಯರು ತತ್‌ಕ್ಷಣ ಪ್ರಾಣ ತೆಗೆಯುವ ವರ್ಗದಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ. ಆದ್ದರಿಂದಲೇ ಈ ವಿದ್ಯೆಯಲ್ಲಿ 'ತಟ್ಟುವ' ಸಂಪ್ರದಾಯವಿದೆ. ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಕೈಯಿಂದ ತಟ್ಟಿದರೆ, ಹಿಡಿದವನು ಆ ಕ್ಷಣವೇ ಬಿಡಬೇಕು. ಕೈ ಸಿಕ್ಕಿಕೊಂಡಿದ್ದರೆ ಬಾಯಿಯಿಂದ ಹೇಳಿದರೂ ಸಾಕು.

ಅಭ್ಯಾಸಿಗಳಿಗಾಗುವ ಕೀಲುಗಳ ಹಾನಿಯಲ್ಲಿ ಬಹುಪಾಲು ತಡವಾಗಿ ತಟ್ಟುವುದರಿಂದ ಆದದ್ದೆಂಬುದು ನಮ್ಮ ಅನುಭವ. ಅಹಂಕಾರವು ಒಂದು ಗಳಿಗೆ ತಡೆದರೆ ಮೊಣಕೈ ಆರು ತಿಂಗಳು ನರಳುತ್ತದೆ. ಹಿಮ್ಮಡಿಯನ್ನು ತಿರುಚುವ ಪಟ್ಟುಗಳಲ್ಲಿ ನೋವು ತಿಳಿಯುವ ಮೊದಲೇ ಮೊಣಕಾಲಿನ ಸ್ನಾಯುರಜ್ಜು ಹರಿಯಬಹುದು. ಹೊಸಬರಿಗೆ ಅವು ಬೇಡವೇ ಬೇಡ. ಮಕ್ಕಳಿಗೆ ಕತ್ತು ಒತ್ತುವ, ಕೀಲು ತಿರುಚುವ ಪಟ್ಟುಗಳನ್ನು ಕಲಿಸಬಾರದು. ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಈ ಅಭ್ಯಾಸ ಆರಂಭಿಸಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅಭ್ಯಾಸದ ಸ್ಥಳದಲ್ಲಿ ಸಕ್ಕರೆಯನ್ನು ಇಟ್ಟುಕೊಂಡಿರಬೇಕು.

ಭಕ್ತರಲ್ಲಿ ಕೆಲವರು ಇಷ್ಟಲಿಂಗಧಾರಣೆಯ ಬಗ್ಗೆ ಕೇಳಿದ್ದಾರೆ. ಆಚಾರದ ವಿಷಯವನ್ನು ಗುರುಗಳಲ್ಲಿಯೇ ಅರಿಕೆ ಮಾಡಿಕೊಳ್ಳಬೇಕು. ವೈದ್ಯರಾಗಿ ನಾವು ಹೇಳುವುದಿಷ್ಟು: ಸೆಣಸಾಟದಲ್ಲಿ ಕೊರಳ ಶಿವದಾರ ಕುಣಿಕೆಯಾಗಬಹುದು, ಬೆಳ್ಳಿಯ ಕರಡಿಗೆ ಇಬ್ಬರ ಎದೆಗೂ ಪೆಟ್ಟುಮಾಡಬಹುದು. ತಾಳಿ, ಓಲೆ, ಬಳೆ, ಉಂಗುರಗಳಿಗೂ ಇದೇ ಮಾತು. ಗುರುಗಳ ಅಪ್ಪಣೆ ಪಡೆದು, ಕೊರಳಲ್ಲಿ ಏನೂ ಇಲ್ಲದಂತೆ ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ.

ಚರ್ಮ, ಆಹಾರ, ನೀರು

ಬೆವರಿದ ಮೈಗೆ ಮೈ ತಾಗುವ ಈ ಆಟದಲ್ಲಿ ಹುಳುಕಡ್ಡಿ, ಅಂದರೆ ದದ್ರು, ಬೇಗ ಹರಡುತ್ತದೆ. ಅಭ್ಯಾಸ ಮುಗಿದ ಕೂಡಲೇ ಸ್ನಾನ ಮಾಡಿ ಮೈಯನ್ನು ಚೆನ್ನಾಗಿ ಒರೆಸಬೇಕು. ಉಡುಪನ್ನು ಪ್ರತಿಸಲವೂ ಒಗೆದು ಬಿಸಿಲಿಗೆ ಹಾಕಬೇಕು. ಟವೆಲನ್ನು ಹಂಚಿಕೊಳ್ಳಬಾರದು. ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅವು ತುರಿಕೆಯನ್ನು ಎರಡು ದಿನ ತಗ್ಗಿಸಿ ರೋಗವನ್ನು ಒಳಗೊಳಗೆ ಬೆಳೆಸುತ್ತವೆ. ಮಚ್ಚೆ ಕಂಡರೆ ಸಂಗಾತಿಗಳಿಂದ ಮುಚ್ಚಿಡದೆ, ಗುಣವಾಗುವ ತನಕ ದೂರವಿರುವುದು ಧರ್ಮ.

ಅಭ್ಯಾಸವಿಲ್ಲದ ದಿನ ಎಳ್ಳೆಣ್ಣೆಯ ಅಭ್ಯಂಜನ ಮಾಡಿ ಹೆಸರುಹಿಟ್ಟಿನಿಂದ ಸ್ನಾನ ಮಾಡಿದರೆ ಮೈನೋವು ಶಮನವಾಗುತ್ತದೆ. ಹೊಸ ಉಳುಕು, ಬಾವು, ಜ್ವರ ಇರುವಾಗ ಎಣ್ಣೆ ತಿಕ್ಕಬಾರದು.

ಸಸ್ಯಾಹಾರಿಗಳಾದ ನಮಗೆ ಬಲ ಎಲ್ಲಿಂದ ಬರಬೇಕು ಎಂಬ ಚಿಂತೆ ಬೇಡ. ರಾಗಿಮುದ್ದೆಯೊಂದಿಗೆ ಹುರಳಿ, ಅವರೆ, ಅಲಸಂದೆಯ ಸಾರು, ಹಾಲು, ಮೊಸರು, ಕಡಲೆಬೀಜಗಳು ಮಿತಬಲದ ಅಭ್ಯಾಸಿಗೆ ಸಾಕು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೂ ಸಸಾರಜನಕ ಕಡಿಮೆ. ಆದ್ದರಿಂದ ಕಾಳು ಬಿಡಬಾರದು. ಸ್ಪರ್ಧೆಯ ತೂಕಕ್ಕಾಗಿ ನೀರು ಬಿಟ್ಟು ದೇಹ ಒಣಗಿಸುವ ಪದ್ಧತಿ ಹವ್ಯಾಸಿಗಳಿಗೆ ಸಲ್ಲದು.

ನಮ್ಮ ಜಿಲ್ಲೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಇಲ್ಲಿನ ಅನೇಕ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುವುದಲ್ಲದೆ ಬೆನ್ನು, ಕತ್ತು, ಕೀಲುಗಳೂ ಬಿಗಿಯುತ್ತವೆ. ಬೆಳಗಿನ ಬಿಗಿತವನ್ನೆಲ್ಲ ಆಟದ ನೋವೆಂದು ತಳ್ಳಿಹಾಕಬೇಡಿ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ.

ಆ ಬೆರಳುಗಳು

ಮಾಲೂರಿನ ಆ ಮಗಳ ಮಾತಿಗೆ ಬರೋಣ. ಕೇಳಿದಾಗ, ಮೂರು ವಾರಗಳ ಹಿಂದೆ ತಲೆಯನ್ನು ಕೆಳಗೆ ಎಳೆದು ಹಿಡಿದಾಗಿನಿಂದ ಎರಡು ಬೆರಳು ಜೋಮು ಹಿಡಿಯುತ್ತಿವೆ ಎಂದಳು. ತಾಯಿಗೆ ಹೇಳಿದರೆ ಬಿಡಿಸಿಬಿಡುತ್ತಾರೆಂಬ ಭಯದಿಂದ ಮುಚ್ಚಿಟ್ಟಿದ್ದಳು. ತಾಯಿ ಮೈಮೇಲಿನ ಕಂದುಗಳನ್ನು ನೋಡಿ ಹೆದರುತ್ತಿದ್ದರು. ಕಂದುಗಳಿಂದ ಅಪಾಯವಿರಲಿಲ್ಲ. ಅಪಾಯವಿದ್ದುದು ಕಣ್ಣಿಗೆ ಕಾಣದ ಕತ್ತಿನ ನರದಲ್ಲಿ. ನಾವು ಅವಳನ್ನು ಮರುದಿನವೇ ಮೂಳೆತಜ್ಞರಲ್ಲಿಗೆ ಕಳುಹಿಸಿದೆವು. ಕತ್ತಿನ ನರವೊಂದು ಒತ್ತಿರುವುದು ಪರೀಕ್ಷೆಯಲ್ಲಿ ಕಂಡಿತು. ಬೇಗ ತಿಳಿದುದರಿಂದ ವಿಶ್ರಾಂತಿ ಮತ್ತು ವ್ಯಾಯಾಮ ಚಿಕಿತ್ಸೆಯಲ್ಲಿಯೇ ಗುಣವಾಗುವ ಭರವಸೆಯಿದೆ. ಜೋಮು ಇಳಿಯುತ್ತಿದೆ. ತಜ್ಞರು ಒಪ್ಪುವ ತನಕ ಚಾಪೆಗೆ ಹೋಗಬಾರದೆಂದು ಹೇಳಿದ್ದೇವೆ; ಎಂದೆಂದಿಗೂ ಬಿಡಬೇಕೆಂದು ಹೇಳಿಲ್ಲ.

ತಾಯಿಗೆ ನಾವು ಹೇಳಿದ ಮಾತನ್ನೇ ಇಲ್ಲಿ ಎಲ್ಲ ಹೆತ್ತವರಿಗೂ ಹೇಳುತ್ತೇವೆ. ಮಕ್ಕಳು ನೋವನ್ನು ಬಚ್ಚಿಡುವಂತೆ ಮಾಡಬೇಡಿ. ಮನೆಯಲ್ಲಿ ಬೈಗುಳದ ಭಯವಿದ್ದರೆ ಅವರು ಮೊದಲು ಮುಚ್ಚಿಡುವುದು ಚಿಕಿತ್ಸೆ ಬೇಕಾದ ನೋವನ್ನೇ. ಅಭ್ಯಾಸಿಗಳಿಗೂ ಒಂದು ಮಾತು: ಚಾಪೆಯ ಮೇಲೆ ಸಕಾಲದಲ್ಲಿ ತಟ್ಟುವುದನ್ನು ಕಲಿತಂತೆ, ಮನೆಯಲ್ಲಿಯೂ ನೋವಾದಾಗ ಸಕಾಲದಲ್ಲಿ ಹೇಳುವುದನ್ನು ಕಲಿಯಿರಿ. ಕಾಯ ಕ್ಷೇಮವಾಗಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ.