ಕೊನೆಯ ಸೀಟು ಯಾರಿಗೆ?

ಹಬ್ಬಕ್ಕೆ ಊರಿಗೆ ಹೊರಡುವ ನಮ್ಮೆಲ್ಲರ ಚಿಂತೆ ಒಂದೇ: ಟಿಕೆಟ್. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ವೆಬ್‌ಸೈಟ್ ಟಿಕೆಟ್ ಮಾರತೊಡಗಿದಾಗ, ರೈಲ್ವೆ ಹಳೆಯ ರಿಸರ್ವೇಶನ್ ವ್ಯವಸ್ಥೆಯನ್ನು ಎಸೆಯಲಿಲ್ಲ. 1980ರ ದಶಕದಿಂದ ಕೌಂಟರುಗಳಲ್ಲಿ ದುಡಿಯುತ್ತಿದ್ದ ಅದಕ್ಕೇ ಹೊಸ ಕಿಟಕಿ ಜೋಡಿಸಿತು.

ಹೀಗೆ ಜೋಡಿಸಲು ಅನೇಕ ಕಂಪನಿಗಳು ಬಳಸುವ ಒಂದು ದಾರಿ ‘ಸ್ಟೋರ್ಡ್ ಪ್ರೊಸೀಜರ್’. ಅಂದರೆ, ಡೇಟಾಬೇಸಿನೊಳಗೇ ಬರೆದು, ಹೆಸರಿಟ್ಟು ಇರಿಸಿದ ಕೆಲಸದ ಕ್ರಮ.

ಒಂದು ಬಸ್ ಕಂಪನಿ ಎಂದುಕೊಳ್ಳಿ. ಮುಂಬಯಿ–ಹುಬ್ಬಳ್ಳಿ ಬಸ್ಸಿನಲ್ಲಿ ಉಳಿದಿರುವುದು ಒಂದೇ ಸೀಟು. ಕೌಂಟರಿನಲ್ಲೊಬ್ಬರು, ವೆಬ್‌ಸೈಟಿನಲ್ಲೊಬ್ಬರು ಒಟ್ಟಿಗೇ ಕೇಳುತ್ತಾರೆ. ಎರಡೂ ಕೋರಿಕೆ ಒಂದೇ ಪ್ರೊಸೀಜರಿಗೆ ಹೋಗುತ್ತದೆ. ಸರಿಯಾಗಿ ಬರೆದಿದ್ದರೆ ಅದು ಆ ಸೀಟಿನ ದಾಖಲೆಗೆ ಬೀಗ ಹಾಕಿ, ಖಾಲಿಯಿದೆಯೇ ನೋಡಿ, ಹೆಸರು ಬರೆದು, ಹಣದ ಲೆಕ್ಕ ಸೇರಿಸಿ, ಆಮೇಲೆ ಬೀಗ ತೆಗೆಯುತ್ತದೆ. ನಡುವೆ ಎಡವಿದರೆ ಎಲ್ಲವೂ ಮೊದಲಿನಂತೆ. ಎರಡನೆಯವರಿಗೆ ‘ಸೀಟಿಲ್ಲ’ ಎಂಬ ಉತ್ತರ.

ಇನ್ನೊಂದು ಲಾಭವೂ ಇದೆ. ವೆಬ್‌ಸೈಟಿಗೆ ಪ್ರೊಸೀಜರನ್ನು ಕರೆಯುವ ಅನುಮತಿ ಕೊಟ್ಟರೆ ಸಾಕು, ಲೆಕ್ಕದ ಪುಸ್ತಕದ ಮೇಲೆ ನೇರವಾಗಿ ಕೈಯಾಡಿಸುವ ಅಧಿಕಾರ ಬೇಡ. ನಿಯಮ ಬದಲಾದರೂ ತಿದ್ದುವುದು ಒಂದೇ ಕಡೆ.

‘ಸೀಟಿಲ್ಲ’ ಎಂದರೆ ಬೇಸರವೇ, ನಿಜ. ಆದರೆ ಒಂದೇ ಸೀಟಿನ ಟಿಕೆಟ್ ಹಿಡಿದು ಇಬ್ಬರು ರಾತ್ರಿ ಬಸ್ಸಿನ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವುದಕ್ಕಿಂತ ಅದೇ ವಾಸಿ, ಅಲ್ಲವೇ?