ಕಿವಿಗೆ ರೆಪ್ಪೆಯಿಲ್ಲ

ಕಣ್ಣಿಗೆ ಬೇಡವಾದುದನ್ನು ರೆಪ್ಪೆ ಮುಚ್ಚಿ ತಡೆಯಬಹುದು. ಕಿವಿಗೆ ಅಂತಹ ಅನುಕೂಲವಿಲ್ಲ. ಹೀಗಿದ್ದರೂ ನಮ್ಮಲ್ಲಿ ಬಹುಜನರು ನಿತ್ಯದ ಗದ್ದಲದ ನಡುವೆ ನೆಮ್ಮದಿಯಿಂದ ಬಾಳುತ್ತಿದ್ದಾರೆಂದರೆ ಅದಕ್ಕೆ ಕಾರಣ ಮಿದುಳಿನ ಉಪಕಾರ. ಬೀಸಣಿಗೆಯ ಗುಂಯ್‌ಗುಡುವಿಕೆ, ಬೀದಿಯ ವಾಹನಗಳು, ಪಕ್ಕದವರ ಮಾತು ಎಲ್ಲವೂ ಕಿವಿಯನ್ನು ಹೊಕ್ಕರೂ, ಬೇಕಾದುದನ್ನು ಮುಂದಕ್ಕೆ ಕಳುಹಿ ಬೇಡವಾದುದನ್ನು ಹಿಂದಕ್ಕೆ ಸರಿಸುವ ದ್ವಾರಪಾಲಕನೊಬ್ಬನು ಒಳಗೆ ಇದ್ದಂತೆ ಅದು ಕೆಲಸಮಾಡುತ್ತದೆ. ಈ ದ್ವಾರಪಾಲಕನ ರೀತಿ ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲವೆಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಾವುದಾದರೊಂದು ಕಛೇರಿಯನ್ನು ಊಹಿಸಿಕೊಳ್ಳೋಣ. ಅಲ್ಲೊಬ್ಬ ಗುಮಾಸ್ತ, ಲೆಕ್ಕದಲ್ಲಿ ನಿಷ್ಣಾತ, ನಡತೆಯಲ್ಲಿ ಪ್ರಾಮಾಣಿಕ. ಆದರೆ ಕುರ್ಚಿ ಎಳೆದ ಸದ್ದಿಗೆ ಬೆಚ್ಚುತ್ತಾನೆ; ಎರಡು ದೂರವಾಣಿಗಳು ಒಟ್ಟಿಗೆ ಮೊಳಗಿದರೆ ಕೈಬರಹ ನಿಲ್ಲುತ್ತದೆ; ಊಟದ ವೇಳೆಯಲ್ಲಿ ಎಲ್ಲರಿಂದ ದೂರ ಹೋಗಿ ಮೆಟ್ಟಿಲ ಬಳಿ ಒಬ್ಬನೇ ಕುಳಿತುಕೊಳ್ಳುತ್ತಾನೆ. ಸಹೋದ್ಯೋಗಿಗಳು ಇದನ್ನು ಅಹಂಕಾರವೆನ್ನುತ್ತಾರೆ, ಮೇಲಧಿಕಾರಿಗಳು ಮುಂಗೋಪವೆನ್ನುತ್ತಾರೆ, ಮನೆಯವರು ಹಟವೆನ್ನುತ್ತಾರೆ. ಕಡೆಗೆ ಆತನೇ ತನ್ನನ್ನು ಕೈಲಾಗದವನೆಂದು ನಂಬಿ ರಾಜೀನಾಮೆಯ ಕಾಗದವನ್ನು ಬರೆಯುತ್ತಾನೆ. ಹೀಗೆ ದೇಶಕ್ಕೆ ಒಬ್ಬ ಸಮರ್ಥ ಸೇವಕನು ನಷ್ಟವಾಗುವುದು ಯೋಗ್ಯತೆಯ ಕೊರತೆಯಿಂದಲ್ಲ, ನಮ್ಮ ತಿಳಿವಳಿಕೆಯ ಕೊರತೆಯಿಂದ.

ಸ್ವಲೀನತೆ, ಅಂದರೆ ಆಟಿಸಂ ಎಂಬ ಸ್ಥಿತಿಯನ್ನು 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತದ ಮೂಲಕ ವಿವರಿಸಿದರು. ದೊಡ್ಡ ಶಬ್ದಗಳಿಗೆ ಆ ಮಕ್ಕಳು ನಡುಗುತ್ತಿದ್ದುದನ್ನು ಅವರು ಅಂದೇ ಕಂಡಿದ್ದರು. ತಾವೇ ಅಷ್ಟು ಗಟ್ಟಿಯಾದ ಶಬ್ದ ಮಾಡುವಾಗ ಆ ಮಕ್ಕಳಿಗೆ ಬಾಧೆಯಿರಲಿಲ್ಲವೆಂಬುದನ್ನೂ ಅವರು ಗುರುತಿಸಿದ್ದರು. ಅಂದರೆ ಶಬ್ದದ ಪ್ರಮಾಣವೊಂದೇ ಹಿಂಸೆಗೆ ಕಾರಣವಲ್ಲ. ಮುನ್ಸೂಚನೆಯಿಲ್ಲದೆ, ತನ್ನ ಹತೋಟಿಯನ್ನು ಮೀರಿ ಅದು ಬಂದೆರಗುವುದೂ ಕಾರಣ. ಇಷ್ಟು ಹಿಂದೆಯೇ ಕಂಡ ಸಂಗತಿಯಾದರೂ, ಇಂದ್ರಿಯಗಳ ಅತಿಸೂಕ್ಷ್ಮತೆಯು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಗ್ರಂಥದಲ್ಲಿ ಸ್ವಲೀನತೆಯ ಲಕ್ಷಣಗಳೊಳಗೆ ಸ್ಪಷ್ಟವಾದ ಸ್ಥಾನವನ್ನು ಪಡೆದುದು 2013ರಲ್ಲಿ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ, ಎಂದರೆ ಎ.ಡಿ.ಎಚ್.ಡಿ., ಸ್ವಲೀನತೆಯೊಡನೆ ಒಬ್ಬರಲ್ಲಿಯೇ ಇರಬಹುದೆಂದು ಆ ಗ್ರಂಥವು ಒಪ್ಪಿದುದೂ ಅದೇ ವರ್ಷ. ಆದುದರಿಂದ ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದೆ ಮೂವತ್ತು ನಲವತ್ತರ ಪ್ರಾಯದಲ್ಲಿ, ಎಷ್ಟೋ ವೇಳೆ ತಮ್ಮ ಮಕ್ಕಳ ಪರೀಕ್ಷೆಯ ಸಂದರ್ಭದಲ್ಲಿ, ತಮ್ಮ ಸ್ಥಿತಿಯನ್ನು ತಾವು ಮೊದಲ ಬಾರಿಗೆ ಅರಿಯುವವರು ಇಂದು ಕಂಡುಬರುತ್ತಿರುವುದು ಆಶ್ಚರ್ಯವಲ್ಲ.

ಎರಡೂ ಸ್ಥಿತಿಗಳು ಒಂದಾದಲ್ಲಿ ತೊಡಕು ಇಮ್ಮಡಿಯಾಗುವುದು. ಒಂದು ನಿಶ್ಶಬ್ದವನ್ನು ಬೇಡುತ್ತದೆ. ಮತ್ತೊಂದಕ್ಕೆ ಪೂರ್ಣ ನಿಶ್ಶಬ್ದವು ಬೇಸರವನ್ನು ತಂದು ಮನಸ್ಸನ್ನು ಅಲೆದಾಡಿಸುತ್ತದೆ. ಬೆಳಿಗ್ಗೆ ಹಾಡು ಹಾಕಿಕೊಂಡು ಕೆಲಸಮಾಡಿದವರೇ ಸಂಜೆ ಪಾತ್ರೆಯ ಸದ್ದಿಗೆ ಸಿಡಿದೇಳುವುದನ್ನು ಕಂಡು ಮನೆಯವರು ಇದು ಬರಿಯ ನೆಪವೆಂದು ತಿಳಿಯುತ್ತಾರೆ. ಅದು ನೆಪವಲ್ಲ. ತಾನು ಆರಿಸಿಕೊಂಡ ಶಬ್ದವೇ ಬೇರೆ, ಮೇಲೆ ಬಂದು ಬಿದ್ದ ಶಬ್ದವೇ ಬೇರೆ. ನಿದ್ರೆ ಕೆಟ್ಟ ದಿನದ, ದಣಿದ ಸಂಜೆಯ ಸಹನಶಕ್ತಿಯೂ ಬೇರೆ.

“ರೂಢಿಯಾದರೆ ಸರಿಹೋಗುತ್ತದೆ” ಎಂದು ಹಿರಿಯರು ಹೇಳುವುದುಂಟು. ಸಾಮಾನ್ಯರ ಮಟ್ಟಿಗೆ ಈ ಮಾತು ನಿಜ. ಒಂದೇ ಶಬ್ದ ಪದೇ ಪದೇ ಕೇಳಿದರೆ ಅವರ ಮಿದುಳು ಅದನ್ನು ಅಲಕ್ಷಿಸುತ್ತದೆ. ಸ್ವಲೀನತೆಯುಳ್ಳ ಅನೇಕರಲ್ಲಿ ಈ ರೂಢಿಯಾಗುವ ಕ್ರಿಯೆಯೇ ನಿಧಾನವೆಂದು ಸಂಶೋಧನೆಗಳು ತೋರಿಸಿವೆ. ಹತ್ತನೆಯ ಸಲದ ಸದ್ದು ಅವರಿಗೆ ಮೊದಲನೆಯ ಸಲದಷ್ಟೇ ಹೊಸದಾಗಿರಬಹುದು. ಅಂತಹವರನ್ನು ಬಲವಂತವಾಗಿ ಗದ್ದಲಕ್ಕೆ ನೂಕುವುದು ಚಿಕಿತ್ಸೆಯಲ್ಲ, ಕ್ರೌರ್ಯ.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ ಪರೀಕ್ಷೆ. ಕಿವಿಯ ದೋಷ, ತಲೆಶೂಲೆ, ಕಿವಿಯೊಳಗಿನ ಮೊರೆತ ಇವುಗಳಿಂದಲೂ ಶಬ್ದವು ಅಸಹ್ಯವಾಗಬಹುದು. ಮೈಸೂರಿನ ವಾಕ್‌ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲಿಯೇ ಇರುವುದು ಭಾಗ್ಯವೇ ಸರಿ. ಅಲ್ಲಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಎರಡನೆಯದಾಗಿ, ಯಾವ ಶಬ್ದ, ಯಾವ ಹೊತ್ತು, ಹಿಂದಿನ ರಾತ್ರಿ ನಿದ್ರೆಯೆಷ್ಟು ಎಂಬುದನ್ನು ಕೆಲವು ವಾರ ಬರೆದಿಟ್ಟುಕೊಳ್ಳಬೇಕು. ಶತ್ರು ಯಾರೆಂದು ತಿಳಿದರೆ ಅರ್ಧ ಭಯ ಇಳಿಯುವುದು. ಮೂರನೆಯದಾಗಿ ಸಾಧನಗಳು. ಕಿವಿಯ ಬಿರಡೆಗಳು ಎಲ್ಲ ಶಬ್ದವನ್ನೂ ತಗ್ಗಿಸುತ್ತವೆ. ವಿರುದ್ಧ ತರಂಗವನ್ನು ಹುಟ್ಟಿಸಿ ಶಬ್ದವನ್ನಡಗಿಸುವ ಹೆಡ್‌ಫೋನುಗಳು ಬಸ್ಸಿನ ಎಂಜಿನ್ನಿನಂತಹ ಏಕರೂಪದ ಮೊರೆತಕ್ಕೆ ಬಹಳ ಪ್ರಯೋಜನಕಾರಿ. ಹಠಾತ್ತನೆ ಬರುವ ಹಾರನ್ನಿಗೂ ಮಾತಿಗೂ ಅಷ್ಟಿಲ್ಲ. ಆದರೆ ಇಡೀ ದಿನ ಕಿವಿಯನ್ನು ಮುಚ್ಚಿಕೊಂಡಿದ್ದರೆ ಅದು ಇನ್ನಷ್ಟು ಸೂಕ್ಷ್ಮವಾಗುವ ಅಪಾಯವಿರುವುದರಿಂದ ಅಗತ್ಯವಿದ್ದಾಗ ಮಾತ್ರ ಬಳಸುವುದು ಮೇಲು. ರಸ್ತೆ ದಾಟುವಾಗ ಬಳಸಲೇ ಕೂಡದು. ನಿಶ್ಶಬ್ದದಲ್ಲಿ ಮನಸ್ಸು ಅಲೆಯುವವರಿಗೆ ಮಳೆಯಂತಹ ಸಮನಾದ ಸದ್ದು ನೆರವಾಗುವುದುಂಟು. ಮದುವೆಯ ಮನೆಗೆ ಮುಹೂರ್ತಕ್ಕೆ ಹೋಗಿ, ಧ್ವನಿವರ್ಧಕದಿಂದ ದೂರ ಕುಳಿತು, ಅಕ್ಷತೆ ಹಾಕಿ ಹೊರಟುಬಂದರೆ ಬಂಧುತ್ವಕ್ಕೆ ಕುಂದಿಲ್ಲ; ಹೊರಡುವ ಕಾರಣವನ್ನು ಮನೆಯವರು ಮೊದಲೇ ತಿಳಿದಿದ್ದರೆ ಸಾಕು.

ಆದರೆ ಭಾರವನ್ನೆಲ್ಲಾ ಬಾಧೆಪಡುವವರ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿತೆಂದರೆ ಶಬ್ದದ ಶಕ್ತಿ ಹತ್ತುಪಟ್ಟಾಯಿತೆಂದರ್ಥ. ಆದುದರಿಂದ 55ರ ಸ್ಥಾನದಲ್ಲಿ 65 ಎಂಬುದು “ಸ್ವಲ್ಪ ಹೆಚ್ಚು” ಅಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧ. ಸರ್ಕಾರವು ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಉತ್ಸವಗಳಿಗಾಗಿ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು, ಅಷ್ಟೆ. ಈ ನಿಯಮಗಳು ನಮ್ಮ ಬೀದಿಗಳಲ್ಲಿ ಎಷ್ಟರಮಟ್ಟಿಗೆ ಜೀವಂತವಾಗಿವೆಯೆಂಬುದನ್ನು ಪ್ರತಿಯೊಬ್ಬ ಓದುಗನ ಕಿವಿಯೇ ಹೇಳಬಲ್ಲುದು.

ಅಧಿಕಾರಿವರ್ಗದವರು ಇನ್ನೊಂದು ಶಾಸನವನ್ನೂ ನೆನೆಯಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಸರ್ಕಾರದ ಪ್ರತಿಯೊಂದು ಸಂಸ್ಥೆಯೂ ಅಂತಹ ನೌಕರರಿಗೆ ಯುಕ್ತವಾದ ಹೊಂದಾಣಿಕೆಯನ್ನು ಮಾಡಿಕೊಡಬೇಕೆಂದು ವಿಧಿಸಿದೆ. ಎ.ಡಿ.ಎಚ್.ಡಿ.ಯ ಹೆಸರು ಆ ಪಟ್ಟಿಯಲ್ಲಿಲ್ಲದಿರುವುದು ಶೋಚನೀಯ. ಕೇಳುತ್ತಿರುವುದಾದರೂ ಏನು? ಓಡಾಟದ ದಾರಿಯಿಂದ ದೂರವಾದ ಒಂದು ಮೂಲೆಯ ಮೇಜು, ಕುರ್ಚಿಯ ಕಾಲಿಗೆ ರಬ್ಬರಿನ ತುಂಡು, ಕೂಗಿ ಹೇಳುವ ಬದಲು ಬರೆದು ಕೊಟ್ಟ ಆಜ್ಞೆ, ಹೆಡ್‌ಫೋನು ಧರಿಸಲು ಅನುಮತಿ, ಮಧ್ಯಾಹ್ನ ಹತ್ತು ನಿಮಿಷದ ಮೌನ. ಇವಕ್ಕೆ ಖಜಾನೆಯೇನೂ ಬರಿದಾಗದು.

ಸ್ವರಾಜ್ಯವೆಂದರೆ ಅವರವರ ಧ್ವನಿಯನ್ನು ಅವರವರು ಮನಬಂದಷ್ಟು ಏರಿಸುವ ಅಧಿಕಾರವೆಂದು ನಾವು ತಿಳಿದಿರುವಂತಿದೆ. ತನ್ನನ್ನು ತಾನು ಆಳಿಕೊಳ್ಳುವುದೇ ಸ್ವರಾಜ್ಯವಾದರೆ, ತನ್ನ ಸದ್ದನ್ನು ತಾನು ಆಳಿಕೊಳ್ಳುವುದೂ ಅದರಲ್ಲಿ ಸೇರಿದೆ. ಕಿವಿಗೆ ರೆಪ್ಪೆಯಿಲ್ಲದಿರುವುದರಿಂದ ನೆರೆಯವನ ವಿವೇಕವೇ ಅದಕ್ಕೆ ರೆಪ್ಪೆಯಾಗಬೇಕು. ಮೆಟ್ಟಿಲ ಬಳಿ ಒಬ್ಬನೇ ಕುಳಿತ ಆ ಗುಮಾಸ್ತನನ್ನು ನಾಳೆ ಕಂಡವರು ಅವನ ಕೋಪದ ವಿಚಾರ ಮಾಡುವ ಮುನ್ನ ತಮ್ಮ ಕೈಯ ಫೋನಿನ ಸದ್ದನ್ನಡಗಿಸಿದರೆ ಈ ಲೇಖನದ ಶ್ರಮ ಸಾರ್ಥಕ.